ಪಡುವಣ ಗಾಳಿಯಲ್ಲಿ ಇಳಿದ ವಿಮಾನ

ನನ್ನ ಕೆಲಸದ ಹೆಸರು ಸುರಕ್ಷಾ ಚಾಲಕ. ನಮ್ಮ ಸಮೀಕ್ಷೆಯ ವಿಮಾನದಲ್ಲಿ ಯಾರೂ ಕೂರುವುದಿಲ್ಲ. ಅದು ತಾನಾಗಿ ಏರುತ್ತದೆ, ತಾನಾಗಿ ಹಾರಿ ನೆಲದ ಚಿತ್ರ ತೆಗೆಯುತ್ತದೆ, ತಾನಾಗಿ ಇಳಿಯುತ್ತದೆ. ನಾನು ರಿಮೋಟು ಹಿಡಿದು ಕೆಳಗೆ ನಿಂತಿರುತ್ತೇನೆ. ರಿಮೋಟಿನ ಎಡ ಮೂಲೆಯಲ್ಲಿ ಒಂದು ಸಣ್ಣ ಸ್ವಿಚ್ಚಿದೆ. ಯಂತ್ರದ ಕೈಲಾಗದು ಎನ್ನಿಸಿದ ಗಳಿಗೆಯಲ್ಲಿ ಅದನ್ನು ಮೇಲಕ್ಕೆ ತಳ್ಳಿದರೆ ವಿಮಾನ ನನ್ನ ವಶಕ್ಕೆ ಬರುತ್ತದೆ. ಕಳೆದ ಮಳೆಗಾಲದಲ್ಲಿ, ಶನಿವಾರಸಂತೆಯಿಂದ ಮೇಲಕ್ಕೆ ಗುಡ್ಡದ ಬೆನ್ನಿನ ಮೇಲಿರುವ ಒಂದು ಕಾಫಿ ತೋಟದಲ್ಲಿ ನಾಲ್ಕು ದಿನ ಕೆಲಸವಿತ್ತು. ಮೊದಲನೆಯ ದಿನ ಆ ಸ್ವಿಚ್ಚನ್ನು ತಳ್ಳಿದೆ. ನಾಲ್ಕನೆಯ ದಿನ ತಳ್ಳಲಿಲ್ಲ. ನಡುವೆ ಆದದ್ದನ್ನು, ನೆನಪು ಇನ್ನೂ ಮಾಸದಿರುವಾಗಲೇ, ಬರೆದಿಡುತ್ತಿದ್ದೇನೆ.

ತೋಟದ ನೆತ್ತಿಯ ಮೇಲೆ ಬಾಣೆಯಿದೆ. ಮರವಿಲ್ಲದ, ಬರೀ ಹುಲ್ಲಿನ ಇಳಿಜಾರು. ಆ ಬಾಣೆಯಲ್ಲಿ ಜೂನ್ ಕೊನೆಗೆ ಬಿರುಕು ಕಾಣಿಸಿಕೊಂಡಿತ್ತು. ನೇರ ಕೆಳಗೆ ತೋಟದ ಲೈನ್‌ಮನೆಗಳು, ಕೆಲಸಗಾರರ ಹನ್ನೊಂದು ಕುಟುಂಬ. ಆ ಇಳಿಜಾರಿನ ಬರೆ ಕುಸಿದರೆ ಮಣ್ಣು ಯಾವ ಕಡೆ ಬರುತ್ತದೆ ಎಂದು ತಿಳಿಯಲು ತಾಲೂಕಿನ ಅಧಿಕಾರಿ ನಮ್ಮನ್ನು ಕರೆಸಿದ್ದರು. ಮೇಲಿನಿಂದ ಇಡೀ ಇಳಿಜಾರಿನ ಚಿತ್ರ ತೆಗೆಯಬೇಕು, ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಹಾರಿ ಮತ್ತೆ ತೆಗೆಯಬೇಕು, ಒಂದರ ಮೇಲೊಂದಿಟ್ಟು ಯಾವ ನೆಲ ಎಷ್ಟು ಜರುಗಿದೆ ಎಂದು ನೋಡಬೇಕು. ಚಿತ್ರಗಳು ವಿಮಾನದೊಳಗಿನ ಕಾರ್ಡಿನಲ್ಲಿ ಉಳಿಯುತ್ತವೆ. ಹಾರುತ್ತಿರುವಾಗ ಕೆಳಗೆ ಬರುವುದಿಲ್ಲ. ಅಂದರೆ ವಿಮಾನ ಸರಿಯಾಗಿ ಇಳಿದರೆ ಮಾತ್ರ ಉತ್ತರ.

ಹೋದವರು ಇಬ್ಬರೇ: ನಾನು, ಮತ್ತು ವಿಮಾನದ ನಿಯಂತ್ರಣ ವ್ಯವಸ್ಥೆಯನ್ನು ಬರೆದ ಎಂಜಿನಿಯರ್. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಎರಡು ವಿಮಾನ ಒಯ್ದಿದ್ದೆವು, ಎರಡೂ ಒಂದೇ ತರದವು. ಎರಡೂವರೆ ಮೀಟರ್ ಅಗಲದ ರೆಕ್ಕೆ, ಮೇಲೆತ್ತಲು ನಾಲ್ಕು ಮೋಟಾರು, ಮುಂದೆ ತಳ್ಳಲು ಬಾಲದಲ್ಲೊಂದು. ನೇರ ಮೇಲೇಳುತ್ತದೆ, ಆಮೇಲೆ ರೆಕ್ಕೆಯ ಮೇಲೆ ಹಾರುತ್ತದೆ, ಕೊನೆಗೆ ಗಾಳಿಯಲ್ಲಿ ನಿಂತು ನೇರ ಕೆಳಗಿಳಿಯುತ್ತದೆ. ಕಷ್ಟವಿರುವುದು ಕೊನೆಯ ಭಾಗದಲ್ಲಿ. ಹಾರುವಾಗ ಹೊತ್ತು ನಡೆಸುವ ರೆಕ್ಕೆಯೇ ಇಳಿಯುವಾಗ ಶತ್ರು. ಬೀಸುಗಾಳಿ ಅದರ ಅಡಿಗೆ ನುಗ್ಗಿದರೆ, ಮೊರದ ಅಂಚು ಹಿಡಿದು ಎತ್ತಿದಂತೆ ಎತ್ತಿ ಮಗುಚುತ್ತದೆ.

ಇಳಿಸಲು ಸಿಕ್ಕ ಒಂದೇ ಸಮತಟ್ಟು ಜಾಗ ಕಾಫಿ ಒಣಗಿಸುವ ಸಿಮೆಂಟಿನ ಕಣ. ಮಳೆಗಾಲವಾದ್ದರಿಂದ ಖಾಲಿ ಇತ್ತು. ನಡುವೆ ಸುಣ್ಣದಲ್ಲಿ ಒಂದು ವೃತ್ತ ಬರೆದೆವು. ತೋಟದ ರೈಟರು ಜೊತೆಗೆ ನಿಂತು ನೋಡುತ್ತಿದ್ದರು. ತೋಟದ ಹಾಜರಿ, ಗೊಬ್ಬರ, ಮಳೆಯ ಲೆಕ್ಕ ಎಲ್ಲ ಅವರದೇ; ಅರವತ್ತರ ಹತ್ತಿರದ ಮನುಷ್ಯ.

ಮೊದಲ ಇಳಿತದಲ್ಲೇ ಅನಾಹುತವಾಯಿತು. ನೆಲ ಇನ್ನು ಎರಡು ಮೀಟರ್ ಇರುವಾಗ ಪಡುವಣದಿಂದ ಗಾಳಿ ಬೀಸಿ ಎಡ ರೆಕ್ಕೆ ಮೇಲೆದ್ದಿತು. ನಾನು ಸ್ವಿಚ್ಚು ತಳ್ಳಿ ಬಲವಾಗಿ ಎದುರು ದಿಕ್ಕಿಗೆ ವಾಲಿಸಿದೆ. ಅಷ್ಟರಲ್ಲಿ ಆ ಬೀಸು ಮುಗಿದುಹೋಗಿತ್ತು. ನಾನು ಕೊಟ್ಟ ವಾಲಿಕೆ ಮಾತ್ರ ಉಳಿಯಿತು. ವಿಮಾನ ಎಡಕ್ಕೆ ಮಗುಚಿ ಸಿಮೆಂಟಿಗೆ ಬಡಿಯಿತು. ರೆಕ್ಕೆ ಬುಡದಲ್ಲೇ ಮುರಿಯಿತು.

"ಅಯ್ಯಯ್ಯೋ, ಬೋಣಿಗೇ ಹಿಂಗಾಯ್ತಲ್ಲ ಸಾರ್!" ಎಂದರು ರೈಟರು.

ಎಂಜಿನಿಯರ್ ವಿಮಾನದ ದಾಖಲೆಯನ್ನು ಲ್ಯಾಪ್‌ಟಾಪಿಗೆ ಇಳಿಸಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಬೆರಳು ಅಲುಗುವ ಮೊದಲೇ ಯಂತ್ರ ಎಡ ರೆಕ್ಕೆಯನ್ನು ಕೆಳಗಿಳಿಸಲು ಶುರು ಮಾಡಿತ್ತು. ಎಷ್ಟು ಬೇಕೋ ಅಷ್ಟೇ. ನಾನು ಮಧ್ಯೆ ಬಂದು ಅದನ್ನು ಕೆಡಿಸಿದ್ದೆ.

"ನನಗೆ ಹಾಗನ್ನಿಸಲಿಲ್ಲ" ಎಂದೆ.

"ಯಾರಿಗೂ ಅನ್ನಿಸಲ್ಲ ಸಾರ್. ಕಣ್ಣಿಗೆ ಕಾಣೋ ಹೊತ್ತಿಗೆ ಗಾಳಿ ಹಳೇದಾಗಿರುತ್ತೆ" ಎಂದರು.

ಉಳಿದದ್ದು ಒಂದೇ ವಿಮಾನ.

ಎರಡನೆಯ ದಿನ ಬೆಳಿಗ್ಗೆ ಗಾಳಿ ಕಡಿಮೆಯಿತ್ತು. ಬಾಣೆಯ ಮೊದಲ ಚಿತ್ರಗಳು ಸಿಕ್ಕವು. ಮಧ್ಯಾಹ್ನದ ಮೇಲೆ ಗಾಳಿ ಏರಿತು. ಎಂಜಿನಿಯರ್ ಆಗ ವಿಮಾನವನ್ನು ಒಳಗಿಡಲಿಲ್ಲ. "ಇನ್ನು ಬರೀ ಇಳಿಸೋದು" ಎಂದರು. ಏರಿಸು, ಇಳಿಸು, ಬ್ಯಾಟರಿ ಬದಲಿಸು, ಮತ್ತೆ ಏರಿಸು, ಇಳಿಸು. ಸಂಜೆವರೆಗೆ ಅಷ್ಟೇ.

ಆ ವ್ಯವಸ್ಥೆ ಕೆಲಸ ಮಾಡುವ ರೀತಿಯನ್ನು ಅವರು ನನಗೆ ಹೇಳಿದಂತೆಯೇ ಬರೆಯುತ್ತೇನೆ. ಅದು ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ನಿಂತಲ್ಲೇ ನಿಲ್ಲಲು ಯಾವ ಮೋಟಾರು ಎಷ್ಟು ದುಡಿಯಬೇಕಾಯಿತು, ಮೈ ಎಷ್ಟು ವಾಲಿತು ಎಂಬುದರಿಂದ ತನ್ನನ್ನು ಯಾವ ಕಡೆಯಿಂದ ಎಷ್ಟು ಬಲದಲ್ಲಿ ಗಾಳಿ ತಳ್ಳುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಸೆಕೆಂಡಿಗೆ ನೂರಾರು ಸಲ. ಅದರ ಮೇಲೆ ಕಲಿಕೆಯ ಪದರವೊಂದಿದೆ. ಪ್ರತಿ ಇಳಿತದಲ್ಲೂ ಅದು ಆ ಜಾಗದ ಗಾಳಿಯ ಗುಣವನ್ನು ನೆನಪಿಟ್ಟುಕೊಳ್ಳುತ್ತದೆ: ಇಷ್ಟು ಎತ್ತರದಲ್ಲಿ ಗಾಳಿ ಹೀಗಿರುತ್ತದೆ, ಕಣದ ಅಂಚು ದಾಟಿದ ಮೇಲೆ ಹೀಗೆ ತಿರುಗುತ್ತದೆ. ಮೊದಲ ಇಳಿತಗಳು ಸುಣ್ಣದ ವೃತ್ತದ ನಡುವಿನಿಂದ ಮೊಳ ದೂರದಲ್ಲಿದ್ದವು. ಸಂಜೆಯ ಕೊನೆಯ ಇಳಿತ ಒಂದು ಗೇಣು. ನಾನು ರಿಮೋಟು ಹಿಡಿದು ನಿಂತೇ ಇದ್ದೆ, ನನ್ನಿಂದ ಏನೂ ಬೇಕಾಗಿರಲಿಲ್ಲ. ನಾನು ಈ ಕೆಲಸದಲ್ಲಿ ಬಹಳ ಜನ ಒಳ್ಳೆಯ ಚಾಲಕರನ್ನು ನೋಡಿದ್ದೇನೆ. ಹೊಸ ಜಾಗದ ಗಾಳಿಯನ್ನು ಒಂದು ಮಧ್ಯಾಹ್ನದಲ್ಲಿ ಅಷ್ಟು ಕಲಿತವರನ್ನು ನೋಡಿಲ್ಲ.

ಮೂರನೆಯ ದಿನ ಮಳೆ ಎಡೆಬಿಡದೆ ಹೊಯ್ಯಿತು. ಹಾರಾಟವಿಲ್ಲ. ರೈಟರ ಆಫೀಸಿನಲ್ಲಿ ಕುಳಿತಿದ್ದಾಗ ಲೈನ್‌ಮನೆಗಳ ಹೆಂಗಸರಿಂದ ಕೆಲಸ ಮಾಡಿಸುವ ಮೇಸ್ತ್ರಿ ಬಂದರು. ಮಳೆಗೆ ಗೋಣಿಯ ಕೊಪ್ಪೆ ಹೊದ್ದು, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡಿದ್ದ ಗಟ್ಟಿ ಹೆಂಗಸು.

"ರೈಟ್ರೆ, ನಾಳೆ ಸಾಯಂಕಾಲ ಮತ್ತೆ ಮನೆ ಬಿಟ್ಟು ಸ್ಕೂಲಲ್ಲಿ ಇರಕ್ಕೆ ಹೋಗ್ಬೇಕಂತೆ. ಆಫೀಸರು ಫೋನ್ ಮಾಡಿದ್ರಂತೆ. ಹೌದಾ?"

"ಹೌದು ಕಣಮ್ಮ. ನಾಡಿದ್ದಿಂದ ದೊಡ್ಡ ಮಳೆ ಅಂತೆ."

"ಎರಡ್ ಸಲ ಹೋಗ್ ಬಂದಾಯ್ತು. ಕೋಳಿ ಹೊತ್ಕೊಂಡು, ಪಾತ್ರೆ ಹೊತ್ಕೊಂಡು. ಹೋದಾಗ್ಲೆಲ್ಲ ಏನೂ ಆಗ್ಲಿಲ್ಲ. ವಾಪಸ್ ಬಂದ್ರೆ ಮನೇಲಿದ್ದ ಸೌದೆ ಯಾರೋ ಹೊತ್ಕೊಂಡ್ ಹೋಗಿದ್ರು. ಈ ಸಲ ಯಾರೂ ಏಳಲ್ಲ ನೋಡಿ."

ರೈಟರು ನಮ್ಮ ಕಡೆ ಕೈ ತೋರಿಸಿದರು. "ಇವ್ರು ಅದಕ್ಕೇ ಬಂದಿರದು. ಫೋಟೋ ತೆಗ್ದು ಹೇಳ್ತಾರೆ."

ಮೇಸ್ತ್ರಿ ಎಂಜಿನಿಯರ್ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ನಿಂಗೆ ಮೇಲಿಂದ ಕಾಣ್ತದಾ ಮಗಾ, ಮಣ್ಣು ಎಲ್ಲಿಗೆ ಬರ್ತದೆ ಅಂತ?"

"ಎರಡನೇ ಫೋಟೋ ಸಿಕ್ಕಿದ್ರೆ ಕಾಣುತ್ತೆ ಅಕ್ಕ."

"ಹಂಗಾದ್ರೆ ತೆಗಿ. ನನ್ ಕಣ್ಣಿಗೆ ತೋರ್ಸು. ನಾನು ಹೇಳಿದ್ರೆ ಹನ್ನೊಂದ್ ಮನೇರೂ ಏಳ್ತಾರೆ."

ಹೀಗೆ ಮಾತು ಕೊಟ್ಟಂತಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ರೈಟರು ಮಳೆಮಾಪಕ ಎತ್ತಿ ನೋಡಿ, "ಎರಡಿಂಚು ನಲವತ್ತು ಸೆಂಟು" ಎಂದು ಪುಸ್ತಕಕ್ಕೆ ಬರೆದರು; ಇಂಚಿನ ನೂರನೆಯ ಒಂದು ಭಾಗ ಅಲ್ಲಿ ಒಂದು ಸೆಂಟು. ಮಳೆ ಬಿಟ್ಟು ಹೊಳವಾಗಿತ್ತು. ಆದರೆ ಮೋಡ ಓಡಿಸಿದ ಗಾಳಿ ನಿಂತಿರಲಿಲ್ಲ. ಸಿಲ್ವರ್ ಓಕಿನ ತುದಿಗಳು ಒಂದೇ ಕಡೆಗೆ ಬಾಗಿ, ಮತ್ತೆ ಎದ್ದು ನಿಲ್ಲಲು ಸಮಯ ಸಿಗದೆ ಹಾಗೇ ಇದ್ದವು. ನಮ್ಮ ವಿಮಾನಕ್ಕೆ ನಿಗದಿಯಾದ ಗಾಳಿಯ ಮಿತಿಯಿದೆ. ಹನ್ನೊಂದು ಗಂಟೆಗೆ ಅಳೆದಾಗ ಅದರ ಅಂಚಿನಲ್ಲಿತ್ತು. ಗಾಳಿ ತಗ್ಗಲೆಂದು ಕಾದರೆ ಸಂಜೆಯಾಗುತ್ತದೆ. ಸಂಜೆಗೆ ಮೋಡ ಇಳಿದರೆ ಬಾಣೆ ಕಾಣುವುದಿಲ್ಲ.

"ಏನ್ ಮಾಡೋಣ ಸಾರ್?" ಎಂದು ಎಂಜಿನಿಯರ್ ಕೇಳಿದರು. ಬೇಡ ಎನ್ನುವ ಅಧಿಕಾರ ನನ್ನದು.

"ಏರಿಸಿ" ಎಂದೆ.

ವಿಮಾನ ಏರಿ, ರೆಕ್ಕೆಯ ಮೇಲೆ ಒರಗಿ, ಗಾಳಿಗೆ ಓರೆಯಾಗಿ ಏಡಿಯಂತೆ ಬಾಣೆಯ ಕಡೆ ಸಾಗಿತು. ಮೂವತ್ತೈದು ನಿಮಿಷದ ಕೆಲಸ. ಎಂಜಿನಿಯರ್ ಕಣದ ಪಕ್ಕ ನಿಲ್ಲಿಸಿದ್ದ ಜೀಪಿನೊಳಗೆ ಲ್ಯಾಪ್‌ಟಾಪಿನ ಮುಂದೆ ಕುಳಿತರು. ನಾನು ಕಣದ ಮೂಡಣ ತುದಿಯಲ್ಲಿ ನಿಂತು ಬಾಣೆಯ ಮೇಲೆ ಹೋಗಿ ಬರುವ ಆ ಬಿಳಿ ಚುಕ್ಕೆಯ ಮೇಲೆ ಕಣ್ಣಿಟ್ಟಿದ್ದೆ. ಬೆನ್ನ ಹಿಂದೆ ಬಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಿರುಗಿದಾಗ, ಕಣದ ಪಡುವಣ ಅಂಚಿನುದ್ದಕ್ಕೂ ಆಳೆತ್ತರದ ತಟ್ಟಿ ನಿಂತಿತ್ತು. ಬಿದಿರಿನ ಗೂಟ, ಅಡ್ಡಕ್ಕೆ ಗಳ, ಮೇಲೆ ಬಿಗಿದ ನೀಲಿ ಟಾರ್ಪಾಲು. ಆ ಕಡೆಯ ಎಲ್ಲರೂ ಮಳೆಗಾಲಕ್ಕೆ ಮೊದಲು ಮನೆಯ ಪಡುವಣ ಬದಿಗೆ, ಕೊಟ್ಟಿಗೆಗೆ, ಸೌದೆ ರಾಶಿಗೆ, ಕಾಫಿ ಸಸಿಗಳ ಪಾತಿಗೆ ಹೀಗೆ ತಟ್ಟಿ ಕಟ್ಟುತ್ತಾರೆ. ರೈಟರು ಲೈನಿನ ಹೆಂಗಸರನ್ನು ಕರೆದು ನಮ್ಮ ವಿಮಾನಕ್ಕೂ ಒಂದು ಕಟ್ಟಿಸಿದ್ದರು.

"ಗಾಳಿ ಹೊಡ್ತ ತಪ್ತದೆ ಸಾರ್. ಪಾಪ, ಅದೂ ಒಂದು ಜೀವ ಇದ್ದಂಗೇ" ಎಂದರು.

ಗಾಳಿ ನಿಜಕ್ಕೂ ನಿಂತಿತ್ತು. ನಾನು ತಟ್ಟಿಯ ಮರೆಗೆ ಬಂದೆ. ಗಂಟೆಗಟ್ಟಲೆ ಗಾಳಿಯ ಏಟು ತಿಂದ ಕಿವಿ ಬೆಚ್ಚಗಾಯಿತು. "ಒಳ್ಳೇದು ಮಾಡಿದ್ರಿ ರೈಟ್ರೆ" ಎಂದೆ. ಹೀಗೆಂದವನು ನಾನೇ ಎಂಬುದನ್ನು ಮರೆಮಾಚುವಂತಿಲ್ಲ.

ಚಿತ್ರದ ಕೆಲಸ ಮುಗಿಯಿತು. ವಿಮಾನ ಮರಳಿ ಬಂದು ಕಣದ ಮೇಲೆ ಇಪ್ಪತ್ತು ಮೀಟರ್ ಎತ್ತರದಲ್ಲಿ ನಿಂತಿತು. ಮೂತಿಯನ್ನು ಗಾಳಿಗೆ ತಿರುಗಿಸಿತು. ಇಳಿಯತೊಡಗಿತು. ಹದಿನೈದು, ಹತ್ತು, ಆರು. ನಾಲ್ಕು ಮೀಟರಿನಲ್ಲಿ ಮೈ ಒಮ್ಮೆ ಕೊಡವಿತು. ನಿಂತಿತು. ಆಮೇಲೆ ಮೋಟಾರುಗಳ ಸದ್ದು ಏರಿ, ತಾನಾಗಿಯೇ ಮತ್ತೆ ಇಪ್ಪತ್ತು ಮೀಟರಿಗೆ ಹೋಯಿತು.

"ಏನಾಯ್ತು?" ಎಂದು ಕೂಗಿದೆ.

"ಅದಕ್ಕೇ ಬೇಡ ಅನ್ನಿಸ್ತು ಸಾರ್" ಎಂದರು ಎಂಜಿನಿಯರ್ ಜೀಪಿನಿಂದ.

ಎರಡನೆಯ ಸಲ ಇನ್ನೂ ಕೆಳಗೆ ಬಂತು. ನನ್ನ ತಲೆಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ ಬಾಲ ಪಕ್ಕಕ್ಕೆ ಎಳೆದುಕೊಂಡಿತು. ಮತ್ತೆ ಮೇಲೆ ಹೋಯಿತು.

"ಇದೇನ್ ಸಾರ್, ಹೊಸ ಅಳಿಯನ ತರ ಬಾಗ್ಲಲ್ಲೇ ನಿಂತ್ಕಂಡದೆ? ಒಳಕ್ ಬರಕ್ಕೆ ನಾಚ್ಕೆನಾ?" ಎಂದರು ರೈಟರು. ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಗಾಳಿಯಲ್ಲಿ ನಿಲ್ಲುವುದಕ್ಕೆ ನಾಲ್ಕು ಮೋಟಾರೂ ಬ್ಯಾಟರಿ ತಿನ್ನುತ್ತವೆ. ಹಾಗೆ ನಿಂತೇ ಇದ್ದರೆ ಉಳಿದದ್ದು ಮೂರು ನಿಮಿಷಕ್ಕೂ ಸಾಲದು.

"ಕೈಗೆ ತಗೋತೀನಿ" ಎಂದೆ. ಬೆರಳು ಸ್ವಿಚ್ಚಿನ ಮೇಲಿತ್ತು.

"ಬೇಡ ಸಾರ್. ಒಂದು ನಿಮಿಷ. ರೆಕ್ಕೆ ಮೇಲೆ ಸುತ್ತು ಹೊಡೀತಿರಲಿ, ಖರ್ಚು ಕಮ್ಮಿ." ಅವರು ಆಜ್ಞೆ ಕೊಟ್ಟರು. ವಿಮಾನ ಮುಂದೆ ನುಗ್ಗಿ ತೋಟದ ಮೇಲೆ ದೊಡ್ಡ ಸುತ್ತಿಗೆ ಹೋಯಿತು. ಅವರು ಲ್ಯಾಪ್‌ಟಾಪು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. "ಇದು ಏನ್ ಹೇಳ್ತಿದೆ ನೋಡಿ. ಐದು ಮೀಟರ್ ಮೇಲೆ ಗಾಳಿ ಪಶ್ಚಿಮದಿಂದ. ಅದರ ಕೆಳಗೆ ಪೂರ್ವದಿಂದ."

"ಒಂದೇ ಕಣದಲ್ಲಿ ಎರಡು ಗಾಳಿನಾ? ಅದಕ್ಕೆ ಲೆಕ್ಕ ತಪ್ಪಿದೆ."

"ಎರಡು ಸಲವೂ ಗಾಳಿ ತಿರುಗಿದ್ದು ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ. ತಪ್ಪಾದ್ರೆ ಇಷ್ಟು ಒಂದೇ ತರ ತಪ್ಪಲ್ಲ. ಮೊನ್ನೆ ಕಲಿತ ಕಣ ಇದಲ್ಲ ಅಂತಿದೆ. ಇಲ್ಲೇನೋ ಬದಲಾಗಿದೆ ಸಾರ್."

ನಾನು ನೆಲ ನೋಡಿದೆ. ಉದುರಿದ ಸಿಲ್ವರ್ ಓಕಿನ ಎಲೆಗಳು ಸಿಮೆಂಟಿನ ಮೇಲೆ ಸರಿಯುತ್ತಿದ್ದವು. ಪಡುವಣದಿಂದ ಬೀಸುವ ಗಾಳಿಗೆ ಅವು ಮೂಡಣಕ್ಕೆ ಹೋಗಬೇಕು. ಅವು ಪಡುವಣಕ್ಕೆ, ತಟ್ಟಿಯ ಬುಡಕ್ಕೆ ತೆವಳುತ್ತಿದ್ದವು. ಬಂಡೆ ದಾಟಿದ ಹೊಳೆಯ ನೀರು ಹಿಂದಕ್ಕೆ ಸುತ್ತುವಂತೆ, ತಟ್ಟಿಯ ನೆತ್ತಿ ಹಾರಿದ ಗಾಳಿ ಕೆಳಗೆ ಸುರುಳಿ ಸುತ್ತಿ ವಾಪಸು ಬರುತ್ತಿತ್ತು. ನನ್ನ ಕಿವಿ ಬೆಚ್ಚಗಿದ್ದ ಜಾಗದಲ್ಲೇ ವಿಮಾನವನ್ನು ಮಗುಚುವ ಸುಳಿಯಿತ್ತು.

"ತಟ್ಟಿ" ಎಂದೆ. "ರೈಟ್ರೆ, ತಟ್ಟಿ ತೆಗೀಬೇಕು. ಈಗಲೇ."

ರೈಟರ ಮುಖ ಸಣ್ಣಗಾಯಿತು. "ನಿಮಗೇ ಅಂತ ಕಟ್ಟಿದ್ದಲ್ವಾ ಸಾರ್?"

"ನಾನೇ ಒಳ್ಳೇದಾಯ್ತು ಅಂದವನು. ತಪ್ಪು ನಂದು. ತೆಗೀರಿ."

ಮೇಸ್ತ್ರಿ ಆಗಲೇ ಕತ್ತಿ ಎಳೆದಿದ್ದರು. ಹಗ್ಗ ಕಡಿಯುತ್ತ ಹೊರಟರು. ಮೂರನೆಯ ಕಟ್ಟು ಬಿಡುತ್ತಿದ್ದಂತೆ ಟಾರ್ಪಾಲು ಉಬ್ಬಿ ಎದ್ದಿತು. ಅದು ಹಾರಿ ವಿಮಾನಕ್ಕೆ ಸಿಕ್ಕಿಕೊಂಡರೆ ಎಲ್ಲ ಮುಗಿದಂತೆ.

"ಹಿಡ್ಕಳ್ರೇ! ನೋಡ್ತಾ ನಿಂತ್ರೆ ಹೆಂಗೆ, ಮೇಲೆ ಕೂತ್ಕಳ್ರೇ!" ಎಂದು ಮೇಸ್ತ್ರಿ ಕೂಗಿದರು. ಐದು ಜನ ಹೆಂಗಸರು ಆ ನೀಲಿ ಹಾಳೆಯ ಮೇಲೆ ಬಿದ್ದಂತೆ ಕುಳಿತರು. ರೈಟರು ಗೂಟಗಳನ್ನು ಒಂದೊಂದಾಗಿ ಕಿತ್ತು ಕಣದ ಕೆಳಗೆ ಎಸೆದರು. ಎಲ್ಲ ಮುಗಿಯಲು ವಿಮಾನದ ಎರಡು ಸುತ್ತು ಹಿಡಿಯಿತು. ಗಾಳಿ ಮತ್ತೆ ನನ್ನ ಮುಖಕ್ಕೆ ಬಡಿಯಿತು. ಎಲೆಗಳು ತಿರುಗಿ ಮೂಡಣಕ್ಕೆ ಓಡಿದವು.

"ಇನ್ನು ಒಂದೇ ಸಲ ಸಾರ್" ಎಂದರು ಎಂಜಿನಿಯರ್. "ಮತ್ತೆ ಮೇಲೆ ಹೋಗೋಕೆ ಬ್ಯಾಟರಿ ಇಲ್ಲ."

ಮೂರನೆಯ ಸಲ ವಿಮಾನ ಬಂದು ನಿಂತಿತು. ಇಳಿಯಿತು. ಹತ್ತು ಮೀಟರಿನಲ್ಲಿ ಒಂದು ಬೀಸು ಬಂತು. ಇಳಿಯುವುದನ್ನು ಬಿಟ್ಟು, ಮೂತಿ ತಗ್ಗಿಸಿ, ಬೀಸು ದಾಟುವವರೆಗೆ ಅಲ್ಲೇ ಕಾದು ನಿಂತಿತು. ಗಾಳಿ ಸಡಿಲವಾದ ಕೂಡಲೆ ಮೂರು ಮೀಟರು ಒಮ್ಮೆಗೇ ಇಳಿಯಿತು. ಮತ್ತೆ ಕಾಯಿತು. ಐದು ಮೀಟರಿನಲ್ಲಿ, ಎರಡು ಸಲವೂ ಗಾಳಿ ತಿರುಗಿದ್ದ ಆ ಎತ್ತರದಲ್ಲಿ, ಒಂದು ಕ್ಷಣ ನಿಧಾನಿಸಿತು. ಮೊನ್ನೆಯ ಗಾಳಿಯೇ ಇದೆಯೆಂದು ಖಚಿತವಾದಂತೆ ಕೆಳಗೆ ಬಂತು.

ಎರಡು ಮೀಟರ್ ಇರುವಾಗ ಮೊದಲ ದಿನದಂಥದ್ದೇ ಬೀಸು ಬಂತು. ಎಡ ರೆಕ್ಕೆ ಎದ್ದಿತು. ಮೊದಲ ದಿನಕ್ಕಿಂತ ಹೆಚ್ಚೇ ಎದ್ದಿತು. ರೆಕ್ಕೆಯ ಅಡಿಯ ಕೆಂಪು ಅಕ್ಷರ ನನಗೆ ಪೂರ್ತಿ ಕಾಣಿಸಿತು. ನನ್ನ ಹೆಬ್ಬೆರಳು ಸ್ವಿಚ್ಚನ್ನು ಅರ್ಧ ತಳ್ಳಿತ್ತು. ಅರ್ಧದಲ್ಲಿ ಅದು ಏನೂ ಮಾಡುವುದಿಲ್ಲ. ಕಣ್ಣು ತಳ್ಳು ಎನ್ನುತ್ತಿತ್ತು. ನಾನು ನೋಡುತ್ತಿರುವುದು ಹಳೆಯ ಗಾಳಿ ಎಂದು ಮನಸ್ಸಿಗೆ ಗೊತ್ತಿತ್ತು. ಆ ಎರಡರ ನಡುವೆ ಎಷ್ಟು ಹೊತ್ತು ನಿಂತಿದ್ದೆನೋ. ದಾಖಲೆಯ ಪ್ರಕಾರ ಒಂದು ಸೆಕೆಂಡಿಗೂ ಕಡಿಮೆ. ಬೆರಳನ್ನು ಹಿಂದಕ್ಕೆ ತಂದೆ.

ವಿಮಾನ ಎದ್ದ ರೆಕ್ಕೆಯನ್ನು ಗಾಳಿಯೊಳಕ್ಕೇ ಒತ್ತಿ ಕೆಳಗಿಳಿಸಿತು. ತಳ್ಳಿದಷ್ಟು ಪಕ್ಕಕ್ಕೆ ಜಾರಲು ಬಿಟ್ಟುಕೊಂಡಿತು, ಸೆಣಸಲಿಲ್ಲ. ಜಾರುತ್ತಲೇ ಇಳಿದು, ಗಾಳಿಯ ಕಡೆಯ ಕಾಲನ್ನು ಮೊದಲು ಊರಿತು, ಆಮೇಲೆ ಇನ್ನೊಂದನ್ನು. ಎರಡೂ ಊರಿದ ಮರುಗಳಿಗೆಯೇ ಮೋಟಾರುಗಳು ನಿಂತವು. ಬೆಳಿಗ್ಗೆ ಮತ್ತೆ ಬರೆದಿದ್ದ ಸುಣ್ಣದ ವೃತ್ತದಿಂದ ಎರಡು ಹೆಜ್ಜೆ ಆಚೆ. ನಾನು ಓಡಿಹೋಗಿ ರೆಕ್ಕೆಯ ಬುಡ ಅಮುಕಿ ಹಿಡಿದೆ. ಎಂಜಿನಿಯರ್ ಬಂದು ಕಾರ್ಡು ಬಿಚ್ಚಿಕೊಂಡರು.

ಆ ಇಳಿತವನ್ನು ಆಮೇಲೆ ಹಲವು ಸಲ ದಾಖಲೆಯಲ್ಲಿ ನೋಡಿದ್ದೇನೆ. ಅದರ ಕೌಶಲಕ್ಕಿಂತ, ಮೊದಲೆರಡು ಸಲ ಅದು ಇಳಿಯದೆ ಹೋದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ತಟ್ಟಿ ಎಂದರೇನೆಂದು ಅದಕ್ಕೆ ತಿಳಿಯದು. ತನಗೆ ಗೊತ್ತಿರುವ ಕಣ ಇದಲ್ಲ ಎಂಬಷ್ಟು ತಿಳಿಯಿತು, ಮತ್ತು ತಿಳಿಯದ ಕಡೆ ಕಾಲಿಡಲಿಲ್ಲ. ನಾನಾಗಿದ್ದರೆ ಮೊದಲ ಸಲವೇ ಇಳಿಸಿಬಿಡುತ್ತಿದ್ದೆ; ಗಾಳಿ ನಿಂತಿದೆ ಎಂಬ ಸಂತೋಷದಲ್ಲಿ.

ರೈಟರ ಆಫೀಸಿನಲ್ಲಿ ಎರಡು ದಿನದ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಲು ಎರಡು ಗಂಟೆ ಹಿಡಿಯಿತು. ಜರುಗಿದ ನೆಲ ಕೆಂಪಾಗಿ ಕಾಣುತ್ತದೆ. ಲೈನ್‌ಮನೆಗಳ ನೇರ ಮೇಲೆ ಕೆಂಪು ಅಷ್ಟಿರಲಿಲ್ಲ. ಬಿರುಕು ಅಲ್ಲಿಂದ ಬಾಗಿ, ಬಾಣೆಯ ತೆಂಕಣ ಭುಜದ ಕಡೆಗೆ ಹೊರಳಿತ್ತು. ಆ ಭಾಗದ ನೆಲ ಎರಡು ದಿನದಲ್ಲಿ ಒಂದು ಗೇಣು ಕುಸಿದಿತ್ತು. ಎಂಜಿನಿಯರ್ ಅಲ್ಲಿಂದ ಕೆಳಗೆ ನೀರು ಹರಿಯುವ ದಾರಿಯನ್ನು ಬೆರಳಲ್ಲಿ ಎಳೆಯುತ್ತ ಬಂದು ಒಂದು ಉದ್ದನೆಯ ಹೆಂಚಿನ ಮಾಡಿನ ಮೇಲೆ ನಿಂತರು.

ಮೇಸ್ತ್ರಿ ಬಾಗಿ ನೋಡಿದರು. "ಇದು ನಮ್ ಲೈನು. ಇದು ಕೆರೆ. ಇದು..." ತಡೆದರು. "ಇದು ಸ್ಕೂಲಲ್ವಾ ಮಗಾ?"

"ಹೌದು ಅಕ್ಕ."

"ನಮ್ಮನ್ನ ಕಳಿಸ್ತಾ ಇರದು ಅಲ್ಲಿಗೇ ಅಲ್ವಾ?"

ಎಂಜಿನಿಯರ್ ಅಧಿಕಾರಿಗೆ ಫೋನು ಮಾಡಿ ಚಿತ್ರ ಕಳಿಸಿದರು. ಅಧಿಕಾರಿ ಅದನ್ನು ನೋಡಿ, "ಶಾಲೆಗೆ ಬೇಡ. ಲೈನಿನಲ್ಲೂ ಇರೋದು ಬೇಡ. ಬೇರೆ ಜಾಗ ಇದೆಯಾ?" ಎಂದರು. ಗುಡ್ಡದ ಬಡಗಣ ಬದಿಯಲ್ಲಿ, ಬಂಡೆಯ ಮೇಲೆ ತೋಟದ ಕಾಫಿ ಗೋದಾಮಿತ್ತು. ಬೀಗದ ಕೈ ರೈಟರ ಹತ್ತಿರ. ತೋಟದ ಒಡೆಯರಾದ ಸಾಹುಕಾರರ ಫೋನು ಸಿಗಲಿಲ್ಲ. ಎರಡು ಸಲ ಪ್ರಯತ್ನಿಸಿ, ರೈಟರು ಎದ್ದು ಗೊಂಚಲಿನಿಂದ ಗೋದಾಮಿನ ಬೀಗದ ಕೈ ಬಿಡಿಸಿಕೊಂಡರು.

"ಕೇಳಿದ್ರೆ ನಾನ್ ಹೇಳ್ಕತೀನಿ. ನಡೀರಿ."

ಮೇಸ್ತ್ರಿ ಲೈನಿಗೆ ಹೋಗಿ ಏನು ಹೇಳಿದರೋ ತಿಳಿಯದು. ಕತ್ತಲಾಗುವ ಮೊದಲು ಹನ್ನೊಂದು ಮನೆಯವರೂ ಕೋಳಿ, ಪಾತ್ರೆ, ಈ ಸಲ ಸೌದೆಯನ್ನೂ ಹೊತ್ತುಕೊಂಡು ಗೋದಾಮಿಗೆ ಬಂದರು.

ಮರುದಿನ ಸಂಜೆ ಮಳೆ ಹಿಡಿಯಿತು. ಅದರ ಮಾರನೆಯ ಬೆಳಿಗ್ಗೆ ಬಾಣೆಯ ತೆಂಕಣ ಭುಜ ಜಾರಿತು. ದೊಡ್ಡ ಕುಸಿತವಲ್ಲ. ರಸ್ತೆ ದಾಟಿ, ಶಾಲೆಯ ಬೇಲಿ ದಾಟಿ, ಅಡುಗೆಕೋಣೆಯ ಗೋಡೆ ಒಡೆದುಕೊಂಡು ದೊಡ್ಡ ಕೋಣೆಯೊಳಗೆ ಮೊಣಕಾಲೆತ್ತರ ಮಣ್ಣು ಬಂದು ನಿಂತಿತ್ತು. ಶಾಲೆಗೆ ರಜೆ ಕೊಟ್ಟಿದ್ದರಿಂದ ಒಳಗೆ ಯಾರೂ ಇರಲಿಲ್ಲ. ಮಳೆಯಿಂದಾಗಿ ಅಲ್ಲೇ ಉಳಿದಿದ್ದ ನಾವು, ಅದು ಬಿಟ್ಟ ಹೊತ್ತಿನಲ್ಲಿ ಹೋಗಿ ರಸ್ತೆಯಲ್ಲೇ ನಿಂತು ಕಿಟಕಿಯಿಂದ ನೋಡಿದೆವು. ಮೇಸ್ತ್ರಿಯೂ ಜೊತೆಗೆ ಬಂದಿದ್ದರು. ಅವರು ಒಡೆದ ಗೋಡೆಯ ಬುಡಕ್ಕೆ ಕೈ ತೋರಿಸಿದರು.

"ಮಕ್ಳನ್ನ ಅಲ್ಲೇ ಮಲಗಿಸ್ತಿದ್ವಿ" ಎಂದರು. "ಎರಡ್ ಸಲವೂ. ಆ ಗೋಡೆಗೆ ಒಲೆ ಶಾಖ ಇರ್ತದೆ ಅಂತ."